ಕನ್ನಡದ ಎಂಟು

"ಎಂಟು ಹಾಕ್ಬೇಕು. ನೆಲಕ್ಕೆ ಕಾಲು ತಾಗಿತೋ, ಫೇಲು." ಆರ್‌ಟಿಓ ಇನ್‌ಸ್ಪೆಕ್ಟರ್ ಷಡಕ್ಷರಪ್ಪನವರು ಬೆಳಗ್ಗಿನಿಂದ ಎಲ್ಲರಿಗೂ ಹೇಳಿದ್ದನ್ನೇ ಸಣ್ಣಮ್ಮನಿಗೂ ಹೇಳಿದರು. ಆಮೇಲೆ ಅವಳನ್ನೂ ಅವಳ ಪಕ್ಕದಲ್ಲಿದ್ದ ಗಾಡಿಯನ್ನೂ ನೋಡಿ ಹುಬ್ಬು ಗಂಟಿಕ್ಕಿದರು. "ಅಲ್ಲಮ್ಮ, ಇದರ ಮೇಲೆ ಕೂತ್ರೆ ನಿಮ್ಮ ಕಾಲು ನೆಲಕ್ಕೆ ಸಿಗುತ್ತಾ?"

"ಸಿಗಲ್ಲ ಸಾರ್. ತಾಗಿದ್ರೆ ತಾನೇ ಫೇಲು?"

ಶಿವಮೊಗ್ಗದ ಆ ಮೈದಾನದಲ್ಲಿ ಲೂನಾ, ಎಂ-80 ಹಿಡಿದು ಸಾಲಾಗಿ ನಿಂತಿದ್ದ ಗಂಡಸರು ಮುಸಿಮುಸಿ ನಕ್ಕರು. ಸಣ್ಣಮ್ಮ ಹೆಸರಿಗೆ ತಕ್ಕ ಆಳು. ಗಾಡಿಯೋ, ಬಹಳ ಹಿಂದೆ ನಾಲೆಯ ಕೆಲಸಕ್ಕೆ ಬಂದಿದ್ದ ಜಪಾನಿನ ಎಂಜಿನಿಯರೊಬ್ಬ ಅವಳ ಗಂಡನಿಗೆ ಬಿಟ್ಟುಹೋದದ್ದು. ಗುಡ್ಡ, ಕೆಸರು, ಕಲ್ಲುದಾರಿಗೆಂದೇ ಹುಟ್ಟಿದ್ದು. ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ನು, ಹಲ್ಲು ಹಲ್ಲಿನ ಟೈರು, ಅವಳ ಎದೆಮಟ್ಟಕ್ಕೆ ಬರುವ ಸೀಟು. ಭದ್ರಾವತಿಯಲ್ಲಿ ಅದನ್ನು ಎಲ್ಲರೂ ಒಂಟೆ ಎಂದೇ ಕರೆಯುತ್ತಿದ್ದರು.

ಆ ಒಂಟೆಯ ಮೇಲೆ ಅವಳ ಗಂಡ ಹಾಲಸ್ವಾಮಿ ಹೊಳೆಹೊನ್ನೂರಿನ ಕಡೆಗೆ ನಾಲೆ ಏರಿಯುದ್ದಕ್ಕೂ ಓಡಾಡಿ, ತೂಬು ತೆಗೆದು, ಮುಚ್ಚಿ, ಗದ್ದೆಗಳಿಗೆ ನೀರು ಹಂಚುತ್ತಿದ್ದ. ಕಾಮಾಲೆಯಲ್ಲಿ ಅವನು ಹೋದ ಮೇಲೆ ನೀರುಗಂಟಿ ಕೆಲಸ ಇವಳಿಗೆ ಬಂತು. ಆದರೆ ಏರಿಯ ಮೇಲೆ ಓಡಾಡಲು ಗಾಡಿ, ಲೈಸೆನ್ಸು ಎರಡೂ ಬೇಕು. ಇಲ್ಲದಿದ್ದರೆ ಆಫೀಸಿನಲ್ಲಿ ಟೀ ಲೋಟ ತೊಳೆದುಕೊಂಡಿರಬೇಕು. ಸಣ್ಣಮ್ಮನಿಗೆ ನೀರು ಹಂಚಬೇಕಿತ್ತು, ಲೋಟ ತೊಳೆಯುವುದು ಬೇಕಿರಲಿಲ್ಲ. ಗಾಡಿಯ ಮೇಲೆ ಮೊದಲಿನಿಂದಲೂ ಕಣ್ಣಿಟ್ಟಿದ್ದ ಮೈದುನ ಜಂಬಣ್ಣ, "ಲೈಸೆನ್ಸು ಸಿಕ್ರೆ ಗಾಡಿ ನಿಮ್ದು ಅತ್ತಿಗೆ, ಇಲ್ದಿದ್ರೆ ನಂದು" ಎಂದು ನಾಲ್ಕು ಜನರೆದುರು ಮಾತು ತೆಗೆದುಕೊಂಡಿದ್ದ. ಭದ್ರಾವತಿಯಿಂದ ಗಾಡಿ ಓಡಿಸಿಕೊಂಡು ಬಂದವನೂ ಅವನೇ. ವಾಪಸು ಓಡಿಸುವುದೂ ತಾನೇ ಎಂಬ ಧೈರ್ಯ ಅವನ ಮುಖದಲ್ಲೇ ಇತ್ತು.

ಸರದಿಯಲ್ಲಿ ಅವಳಿಗಿಂತ ಮುಂದಿದ್ದವನು ಹೊರಟ. ಒಂದು ಸುತ್ತು ಹೊಡೆದು, ನಡುವೆ ಅಡ್ಡ ಹಾಯ್ದು, ಇನ್ನೊಂದು ಸುತ್ತು ಹೊಡೆದು, ಹೊರಟಲ್ಲಿಗೇ ಬಂದು ಸೇರಿದ. ಸಣ್ಣಮ್ಮನಿಗೆ ಹೆದರಿಕೆಯಾಯಿತು. ತಾನು ಕಲಿತ ಎಂಟು ಇದಲ್ಲ. ಅವಳು ಓದಿದ್ದು ನಾಲ್ಕನೇ ಕ್ಲಾಸು, ಕನ್ನಡ ಶಾಲೆ. ಎಂಟು ಹಾಕಬೇಕು ಎಂದಾಗ ಅವಳಿಗೆ ಕಂಡದ್ದು ಸ್ಲೇಟಿನ ಮೇಲಿನ ೮. ಕಣದಲ್ಲಿ ಬೂದಿ ಚೆಲ್ಲಿ ಅದನ್ನೇ ದೊಡ್ಡದಾಗಿ ಬರೆದು, ದಿನಾ ಅದರ ಮೇಲೇ ಗಾಡಿ ಓಡಿಸಿದ್ದಳು. ಇವರ ಎಂಟು ಎರಡು ಸೊನ್ನೆಯ ಗಂಟು. ಅವಳದು ಎಲ್ಲೂ ಕೂಡಿಕೊಳ್ಳದೆ ಬಾಯಿ ಬಿಟ್ಟುಕೊಂಡ ಎಂಟು.

ಜಂಬಣ್ಣ ಹಲ್ಲು ಕಿರಿಯುತ್ತಿದ್ದ. ಅವನು ದಿನಾ ಸಂಜೆ ಕಣದ ಬದಿಯಲ್ಲಿ ನಿಂತು ನೋಡಿದವನು.

"ನಿಂಗೆ ಗೊತ್ತಿತ್ತಲ್ಲ?"

"ನೀವು ಕೇಳ್ಲಿಲ್ಲ ಅತ್ತಿಗೆ. ಇರ್ಲಿ ಬಿಡಿ, ನಿಮ್ಮ ಬಸ್ಸಿಗೆ ಇನ್ನೂ ಟೈಮಿದೆ."

ಸಣ್ಣಮ್ಮನ ಪಿತ್ತ ನೆತ್ತಿಗೇರಿತು. ಹೆದರಿಕೆ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ನಾಟಿಗೆ ಇಳಿಯುವವಳ ಹಾಗೆ ಸೀರೆಯನ್ನು ಬಿಗಿದು ಕಟ್ಟಿ, ಗಾಡಿಯನ್ನು ಹುಣಸೆಮರದ ಕಟ್ಟೆಯ ಪಕ್ಕಕ್ಕೆ ತಳ್ಳಿಕೊಂಡು ಹೋಗಿ, ಕಟ್ಟೆ ಹತ್ತಿ ನಿಂತಳು. ಅಲ್ಲಿಂದ ಒಂದೇ ಕಿಕ್ಕಿಗೆ ಒಂಟೆ ಗುಡುಗಿತು. ಅವಳು ಸೀಟಿಗೆ ಜಾರಿ ಹೊರಟದ್ದೇ ತಡ, ಜಂಬಣ್ಣ ಕಟ್ಟೆಯ ಮೇಲೆ ಖಾಲಿಯಾದ ಆ ಜಾಗದಲ್ಲಿ ಚಕ್ಕಂಬಕ್ಕಲ ಹಾಕಿ ಕೂತ.

ಮೈದಾನದ ನಡುವೆ ಅವಳು ಮೊದಲು ಹಾಕಿದ್ದು ತನ್ನ ಎಂಟನ್ನೇ. ಸ್ಲೇಟಿನ ಮೇಲೆ ಬಳಪ ಬಳುಕಿದ ಹಾಗೆ ಬಳುಕಿಸಿ, ಕೊನೆಯ ಕೊಂಡಿಯನ್ನೂ ಬಿಡದೆ ತಿರುಗಿಸಿದಳು. ಗಂಡಸರ ಸಾಲು ಗೊಳ್ಳೆಂದಿತು.

"ಏನಮ್ಮ ಅದು?" ಷಡಕ್ಷರಪ್ಪನವರು ಕೂಗಿದರು.

"ಎಂಟು ಸಾರ್. ಕನ್ನಡದ್ದು."

"ನಂಗೆ ಬೇಕಾದ್ದು ಇಂಗ್ಲಿಷ್ ಎಂಟು."

"ನೀವು ಬರೀ ಎಂಟು ಅಂದ್ರಿ. ಅದನ್ನೂ ಹಾಕ್ತೀನಿ, ನೋಡಿ."

ಗಾಡಿ ನಿಲ್ಲಿಸಿ ಯೋಚಿಸುವ ಹಾಗಿರಲಿಲ್ಲ. ಇಡಲು ಕಾಲಿಗೆ ನೆಲವೇ ಇಲ್ಲ. ನಿಲ್ಲದೆಯೇ ತಿರುಗಿದಳು. ಮೊದಲ ಸುತ್ತಿನಲ್ಲಿ ಗಾಡಿ ಒಂದಿಷ್ಟು ಅಲುಗಿತು. ಏರಿಯ ಮೇಲೆ ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಯ ಇಳಿಜಾರು ಇಟ್ಟುಕೊಂಡು ಗಂಡ ಹೇಗೆ ನಿಧಾನಕ್ಕೆ ಓಡಿಸುತ್ತಿದ್ದನೋ ಹಾಗೆಯೇ ಎಂಜಿನ್ನಿನ ಒಂದೊಂದು ಬಡಿತವನ್ನೂ ಕೇಳಿಸಿಕೊಳ್ಳುತ್ತ ನಡುವಿಗೆ ಬಂದಳು. ಅಡ್ಡ ಹಾಯ್ದಳು. ಎರಡನೇ ಸುತ್ತು ಮುಗಿಸಿ, ಹೊರಟಲ್ಲಿಗೆ ತಂದು ಗಂಟು ಹಾಕಿದಳು. ಸಾಲಿನಲ್ಲಿ ನಗು ನಿಂತಿತ್ತು.

"ಎರಡೂ ಆಯ್ತು ಸಾರ್. ಕಾಲು ಇಟ್ನಾ?" ಗಾಡಿ ನಿಲ್ಲಿಸದೆ ಅವರೆದುರೇ ಸುತ್ತುತ್ತ ಕೇಳಿದಳು.

ಷಡಕ್ಷರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಲ್ಲಮ್ಮ. ಪಾಸು. ಅದ್ಸರಿ, ಈಗ ಇಳಿಯೋದು ಹೆಂಗೆ?"

"ಕಟ್ಟೆ ಇದೆಯಲ್ಲ ಸಾರ್. ನನ್ನ ದಾರೀಲೂ ತೂಬಿಗೊಂದು ಕಟ್ಟೆ ಇದೆ."

ಹಾಗೆಂದವಳು ಒಂಟೆಯನ್ನು ಹುಣಸೆಮರದ ಕಡೆಗೆ ತಿರುಗಿಸಿದಳು. ಜಂಬಣ್ಣ ಇನ್ನೂ ಹಾಕಿದ ಚಕ್ಕಂಬಕ್ಕಲ ಬಿಚ್ಚಿರಲಿಲ್ಲ. ಮುಂದಿನ ಚಕ್ರ ಅವನ ಮೊಣಕಾಲಿನ ಹತ್ತಿರಕ್ಕೆ ಬಂದಾಗ ಸಣ್ಣಮ್ಮ ದನಿ ಏರಿಸದೆ ಹೇಳಿದಳು:

"ಏಳಪ್ಪ ಜಂಬಣ್ಣ. ಅದು ನಾನು ಕಾಲಿಡೋ ಜಾಗ."