ದೇಸಾಯಿಯ ಕೆಂಪು ಕೋಟು

"ನಮ್ಮ ಕೆರಿ ಕಾರ್ಖಾನಿಗೆ ಬರಕೊಟ್ಟ ಮಂತ್ರಿದು ಹುಲ್ಲಿನ ಬೊಂಬಿ ಸುಡಬೇಕಾಗೈತಿ ಅವ್ವಾ. ನಿಮ್ಮ ಮನಿಯವರ ಕೆಂಪು ಕೋಟು ಕೊಡ್ರಿ" ಎನ್ನುತ್ತಾ ಹೋರಾಟದವರು ತುಳಜವ್ವನ ಬಾಗಿಲಿಗೆ ಬಂದರು.

ಆಕೆಯ ಗಂಡ ಮೂವತ್ತು ವರ್ಷ ಕಂಪನಿ ನಾಟಕದಲ್ಲಿ ಊರ ಬಾವಿಗೆ ಬೀಗ ಜಡಿಯುವ ದುಷ್ಟ ದೇಸಾಯಿಯಾಗಿದ್ದವನು. ದೋಣಿ ಮಗುಚಿ ಅವನು ಹೊಳೆ ಪಾಲಾದಾಗ ವೇಷದ ಟ್ರಂಕು ದಡಕ್ಕೆ ಬಂತು, ಹೆಣ ಬರಲಿಲ್ಲ.

"ಮಂತ್ರಿನ್ನ ಸುಡಾಕ ಇವರ ಕೋಟು ಯಾಕ್ರಪ್ಪಾ?"

"ಮಂತ್ರಿ ಮಾರಿ ಯಾರು ನೋಡ್ಯಾರ? ಆ ಕೋಟು ಕಂಡ್ರ ಸಾಕು, ನೀರು ಕಸಗೊಂಡಾಂವ ಇವನ ಅಂತ ಸಣ್ಣ ಕೂಸಿಗೂ ತಿಳೀತೈತಿ."

"ಇದ್ದಾಗೂ ಸಂತ್ಯಾಗ ಮಂದಿ ಅವರನ್ನ ಕಂಡು ಉಗುಳ್ತಿದ್ರು. ಮನ್ಯಾಗ ಒಂದು ಇರಿವಿ ಸೈತ ತುಳದವರಲ್ಲ."

ತುಳಜವ್ವ ಕೋಟು ತಂದು, ಕೊಡವಿ, ಗುಂಡಿಗಳನ್ನೆಲ್ಲ ಹಾಕಿ ಕೊಟ್ಟಳು.

"ಬೊಂಬಿ ಆಳೆತ್ತರ ಮಾಡ್ರಿ" ಎಂದಳು. "ಎಡಗಾಲು ತುಸು ಗಿಡ್ಡ ಇರಲಿ."

ಮರುದಿನ ಬಸ್ ನಿಲ್ದಾಣದ ಮುಂದೆ ಧಿಕ್ಕಾರದ ಕೂಗು ಮುಗಿಲು ಮುಟ್ಟಿತ್ತು. ಇನ್ನೇನು ಕಡ್ಡಿ ಗೀರಬೇಕು, ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಬಂದ ತುಳಜವ್ವ, ನೀರು ತುಂಬಿದ ಮಡಕೆಯನ್ನು ಹೆಗಲ ಮೇಲಿಟ್ಟುಕೊಂಡು ಬೊಂಬೆಯನ್ನು ಸುತ್ತತೊಡಗಿದಳು.