ದಫೇದಾರ್ ಲಿಂಗಪ್ಪನವರ ಅವಸರ

ಎಂಟೂವರೆಗೆ ಬರಬೇಕಾದ ಮೂಡಿಗೆರೆ ಬಸ್ಸು ಒಂಬತ್ತೂಕಾಲಾದರೂ ಪತ್ತೆಯಿಲ್ಲ. ಆಲ್ದೂರಿನಾಚೆಯ ತಿರುವಿನಲ್ಲಿ ದಫೇದಾರ್ ಲಿಂಗಪ್ಪನವರು ಅತ್ತಿಂದಿತ್ತ ಓಡಾಡಿ ರಸ್ತೆಯನ್ನೇ ಸವೆಸುತ್ತಿದ್ದರು. ಹತ್ತು ಗಂಟೆಗೆ ಸರಿಯಾಗಿ ಚಿಕ್ಕಮಗಳೂರಿನಲ್ಲಿ ಹೊಸ ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಹಾಜರಾಗಬೇಕು. ತಪ್ಪಿದರೆ ಇಪ್ಪತ್ತೆರಡು ವರ್ಷ ಬೂಟು ಸವೆಸಿ ಸಂಪಾದಿಸಿದ ದಫೇದಾರಿಕೆ ಹೋಗಿ, ಮತ್ತೆ ಬರೀ ಪೇದೆ. ಹೆಂಡತಿಗೆ ಮುಖ ತೋರಿಸುವುದು ಹೇಗೆ?

ಸಾಹೇಬರು ಕರೆಸಿದ್ದು ಸುಮ್ಮನೆ ಅಲ್ಲ. ಬಸ್ಸು, ಲಾರಿಗಳು ಗಂಟೆಗೆ ಇಪ್ಪತ್ತು ಮೈಲಿ ಮೀರಬಾರದೆಂದು ಮಹಾರಾಜರ ಸರ್ಕಾರದ ಹುಕುಂ ಆಗಿತ್ತು. ಲಿಂಗಪ್ಪನವರು ಇದೇ ತಿರುವಿನಲ್ಲಿ, ಎರಡು ಫರ್ಲಾಂಗು ಕಲ್ಲುಗಳ ನಡುವೆ, ಲಂಟಾನದ ಪೊದೆಯ ಮರೆಯಲ್ಲಿ ಗಡಿಯಾರ ಹಿಡಿದು ಮೂರು ತಿಂಗಳು ಕೂತರು. ಸಿಕ್ಕಿದ್ದು ಜಿಗಣೆಗಳು ಮಾತ್ರ. ಡ್ರೈವರುಗಳೆಲ್ಲ ಮದುವೆ ಮೆರವಣಿಗೆಯ ಹಾಗೆ ಮೆಲ್ಲಗೆ ಬಂದು, ಲಂಟಾನಕ್ಕೊಂದು ಸಲಾಮು ಹೊಡೆದು ಹೋಗುತ್ತಿದ್ದರು. ಅವರು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಾರೆಂದು ಲಿಂಗಪ್ಪನವರಿಗೆ ಗೊತ್ತು. ಹೇಗೆಂದು ಗೊತ್ತಿಲ್ಲ. ಹಾಗೆ ಬರೆದರೆ ಮಾನ ಹೋಗುತ್ತದಲ್ಲ! ‘ನಮ್ಮ ಸರಹದ್ದಿನಲ್ಲಿ ಯಾರೂ ಜೋರಾಗಿ ಓಡಿಸುವುದಿಲ್ಲ’ ಎಂದು ವರದಿ ಬರೆದುಬಿಟ್ಟರು. ಸಾಹೇಬರು ನಂಬಬೇಕಲ್ಲ.

ಒಂಬತ್ತೂವರೆ ದಾಟಿದ ಮೇಲೆ ಬಸ್ಸು ಬಂತು. ಬಂತೇನು, ತೆವಳಿತು. ಪಕ್ಕದಲ್ಲಿ ನಡೆಯುತ್ತಿದ್ದ ಒಂದು ಹಸು ಅದಕ್ಕಿಂತ ಮುಂದಿತ್ತು.

“ಎಂತ ಮಾರಾಯ ಇದು, ಬಸ್ಸೋ ಹೆಣದ ಚಟ್ಟವೋ?” ಲಿಂಗಪ್ಪನವರು ಮುಂದಿನ ಸೀಟಿಗೆ ಹತ್ತಿ ಡ್ರೈವರ್ ಜಿಯಾಉದ್ದೀನನ ಮೇಲೆ ಹರಿಹಾಯ್ದರು.

“ನೀವು ತಿರುವಲ್ಲಿ ನಿಂತಿದ್ದೀರಿ ಅಂತ ಗೊತ್ತಾಯ್ತು ಸ್ವಾಮಿ. ಅದಕ್ಕೇ ಮೂಡಿಗೆರೆಯಿಂದ್ಲೂ ಹತ್ತು ಮೈಲಿ ಮೀರಲಿಲ್ಲ.”

“ಯಾರು ಹೇಳಿದ್ದು ನಿಂಗೆ?”

“ಗೊಬ್ಬರದ ಲಾರಿಯವನು ಎದುರು ಸಿಕ್ಕಿದ್ದ...” ಜಿಯಾಉದ್ದೀನ್ ನಾಲಿಗೆ ಕಚ್ಚಿಕೊಂಡ.

“ಹೇಳೋರನ್ನೆಲ್ಲ ಒಳಗೆ ಹಾಕಿಸ್ತೀನಿ, ನೋಡ್ತಿರು! ಕಳ್ಳರ ಕೂಟ ಕಟ್ಕೊಂಡಿದ್ದೀರಾ?”

“ಕಳ್ಳತನ ಎಂಥದು ಸ್ವಾಮಿ? ಹೇಳಿದ್ರೆ ನಾವು ನಿಧಾನ ಹೋಗ್ತೀವಿ. ಸರ್ಕಾರಕ್ಕೆ ಬೇಕಾದ್ದೂ ಅದೇ ಅಲ್ವಾ?”

“ಸರ್ಕಾರಕ್ಕೆ ಬೇಕಾದ್ದು ಏನೋ, ನನಗೆ ಬೇಕಾದ್ದು ಕೇಸು ಕಣಯ್ಯ! ಈಗ ಮಾತು ಸಾಕು. ಹತ್ತಕ್ಕೆ ಸಾಹೇಬರ ಮುಂದೆ ಇರ್ಬೇಕು. ತುಳಿ!”

“ಇಪ್ಪತ್ತು ಮೈಲಿ...”

“ನಾನೇ ಪಕ್ಕದಲ್ಲಿ ಕೂತಿದ್ದೀನಲ್ಲ. ನಿನ್ನ ಹಿಡಿಯೋನು ಇನ್ಯಾವನು? ತುಳಿ ಅಂದ್ರೆ!”

ಜಿಯಾಉದ್ದೀನ್ ತುಳಿದ. ಅಬ್ಬಬ್ಬಾ, ಇಷ್ಟು ದಿನ ಅದುಮಿಟ್ಟುಕೊಂಡಿದ್ದ ಆಸೆಯನ್ನೆಲ್ಲ ಒಂದೇ ಸಲ ತೀರಿಸಿಕೊಂಡ. ಮೇಲೆ ಕಟ್ಟಿದ್ದ ಕಾಫಿ ಮೂಟೆಗಳು ಕುಣಿದವು, ಹಿಂದೆ ಕೂತವರು ದೇವರನ್ನು ಕೂಗಿದರು. ಲಿಂಗಪ್ಪನವರು ಮಾತ್ರ ಒಂದು ಕೈಯಲ್ಲಿ ಪೇಟ, ಇನ್ನೊಂದು ಕೈಯಲ್ಲಿ ಸೀಟು ಹಿಡಿದುಕೊಂಡು “ಹಾಂ, ಹಾಗೆ!” ಎನ್ನುತ್ತಿದ್ದರು. ಜೋರಾಗಿ ಹೋಗುವುದು ಇಷ್ಟು ಚೆನ್ನಾಗಿರುತ್ತದೆಂದು ಅವರಿಗೆ ಇದುವರೆಗೆ ಗೊತ್ತೇ ಇರಲಿಲ್ಲ.

ಚಿಕ್ಕಮಗಳೂರು ಮೂರು ಮೈಲಿ ಇರುವಾಗ ಇನ್ನೊಬ್ಬ ಡ್ರೈವರ್ ಚಿಕ್ಕಯ್ಯನ ಬಸ್ಸು ಎದುರಾಯಿತು. ಚಿಕ್ಕಯ್ಯ ಹೆಗಲ ಮೇಲಿನ ಕೆಂಪು ಚೌಕವನ್ನೆತ್ತಿ ತಲೆಗೆ ಸುತ್ತಿಕೊಳ್ಳಲು ಹೊರಟವನು, ಜಿಯಾಉದ್ದೀನನ ಪಕ್ಕದಲ್ಲಿ ದಫೇದಾರರನ್ನು ಕಂಡದ್ದೇ ತಡ, ಅದೇ ಚೌಕದಿಂದ ಗಸಗಸ ಮುಖ ಒರೆಸಿಕೊಳ್ಳತೊಡಗಿದ.

“ಈ ಚಳಿಯಲ್ಲೂ ಬೆವರ್ತಾನಲ್ಲ ಆಸಾಮಿ,” ಎಂದರು ಲಿಂಗಪ್ಪನವರು.

ಜಿಯಾಉದ್ದೀನ್ ಥಟ್ಟನೆ ವೇಗ ಇಳಿಸಿದ.

“ಯಾಕಯ್ಯ, ಏನಾಯ್ತು?”

ಏನೆಂದು ಹೇಳುವುದು? “ಏನಿಲ್ಲ ಸ್ವಾಮಿ.”

“ಏನಿಲ್ಲ ಅಂದ್ಮೇಲೆ ತುಳಿ!”

ತುಳಿದ. ಸೇತುವೆ ದಾಟುತ್ತಿದ್ದ ಹಾಗೆ, ಸಿಲ್ವರ್ ಓಕ್ ಮರದ ಹಿಂದಿನಿಂದ ಒಬ್ಬರು ರಸ್ತೆಗೆ ಬಂದು ಕೈ ಅಡ್ಡ ಹಿಡಿದರು. ಇನ್ನೊಂದು ಕೈಯಲ್ಲಿ ಗಡಿಯಾರ. ಹೊಸ ಇನ್ಸ್‌ಪೆಕ್ಟರ್ ಸಾಹೇಬರು.

“ಮೂವತ್ತೊಂದು ಮೈಲಿ,” ಎಂದು ಪುಸ್ತಕ ತೆರೆದವರು ಸೀಟಿನ ಕಡೆ ನೋಡಿ ಪೆನ್ಸಿಲ್ ಹಾಗೇ ಹಿಡಿದು ನಿಂತರು. “ಓಹೋ, ದಫೇದಾರ್ರು! ನಿಮ್ಮ ಸರಹದ್ದಿನಲ್ಲಿ ಯಾರೂ ಜೋರಾಗಿ ಓಡಿಸೋದಿಲ್ಲ ಅಂತ ಬರೆದಿದ್ರಿ. ನಿಜವೇನೋ ನೋಡೋಣ ಅಂತ ಕಚೇರಿಗೆ ಹೋಗೋ ಮೊದಲು ನಾನೇ ಬಂದೆ. ಈ ಬಸ್ಸನ್ನ ಹೀಗೆ ಓಡಿಸೋಕೆ ಹೇಳಿದ್ದು ಯಾರು?”

ಜಿಯಾಉದ್ದೀನ್ ದಫೇದಾರರ ಕಡೆ ನೋಡಿದ. ಲಿಂಗಪ್ಪನವರು ಪೇಟ ಸರಿಮಾಡಿಕೊಂಡರು. ಪಾಪ, ಸುಳ್ಳು ಹೇಳಲಿಲ್ಲ.

“ನಾನೇ ಸ್ವಾಮಿ.”

“ಸರಿ. ಡ್ರೈವರನ್ನ ಈ ಸಲ ಬಿಟ್ಟಿದ್ದೀನಿ. ನೀವು ಕಚೇರಿಗೆ ಬನ್ನಿ. ಇನ್ನೇನು ಅವಸರವಿಲ್ಲ, ನಿಧಾನವಾಗಿಯೇ ಬನ್ನಿ.”

ಬಸ್ಸು ಹೊರಟಿತು. ಒಂದು ಫರ್ಲಾಂಗು ಮೆಲ್ಲಗೆ ಸಾಗಿತು. ಆಮೇಲೆ ಲಿಂಗಪ್ಪನವರು ನಿಧಾನಕ್ಕೆ ಕೇಳಿದರು:

“ಆ ಚಿಕ್ಕಯ್ಯ ಇದೇ ದಾರೀಲಿ ಬಂದ್ನಲ್ಲ. ಸಾಹೇಬರನ್ನ ನೋಡಿರಲಿಲ್ವಾ ಅವನು?”

“ನೋಡಿದ್ದ ಸ್ವಾಮಿ. ಮುಂದೆ ಪೊಲೀಸ್ನೋರು ಇದ್ರೆ ನಾವು ಚೌಕ ತಲೆಗೆ ಸುತ್ಕೊಳ್ಳೋದು. ಅವನೂ ಸುತ್ತೋಕೆ ಹೊರಟಿದ್ದ. ಪಕ್ಕದಲ್ಲಿ ನಿಮ್ಮನ್ನ ನೋಡಿ ಹೆದರಿ ಮುಖ ಒರೆಸ್ಕೊಂಡ.”

ಮೂರು ತಿಂಗಳು ಜಿಗಣೆಗೆ ರಕ್ತ ಕೊಟ್ಟರೂ ಸಿಗದ ಗುಟ್ಟು ಕೊನೆಗೂ ಸಿಕ್ಕಿತ್ತು. ಲಿಂಗಪ್ಪನವರಿಗೆ ಅದರ ಪರಿವೆಯೇ ಇರಲಿಲ್ಲ. ಸಿಟ್ಟಿನಿಂದ ಅವರ ಮೀಸೆ ಅದುರುತ್ತಿತ್ತು.

“ನಾಚಿಕೆ ಆಗ್ಬೇಕು ಅವನಿಗೆ!” ಎಂದು ಗುಡುಗಿದರು. “ಗೊತ್ತಿದ್ದೂ ಗೊತ್ತಿದ್ದೂ ಬಾಯಿ ಮುಚ್ಕೊಂಡು ಹೋಗೋದಾ? ಎದುರು ಬರೋರು ಒಂದು ಮಾತು ಹೇಳದೆ ಹೋದ್ರೆ, ಮರ್ಯಾದಸ್ಥರು ಈ ರಸ್ತೇಲಿ ಓಡಾಡೋದು ಹೇಗೆ ಮಾರಾಯ?”