ನಿದ್ದೆಯೊಳಗಿನ ಇಟ್ಟಿಗೆ

ಕಣ್ಣು ಮುಚ್ಚಿದ್ದರೂ ತನ್ನ ಮೇಲೆ ಯಾರದೋ ನೆರಳು ಬಿದ್ದದ್ದು ಸುಗಲಮ್ಮನಿಗೆ ತಿಳಿಯಿತು. ರೆಪ್ಪೆಯೊಳಗಿನ ಕೆಂಪು ಬೆಳಕು ಕಪ್ಪಾಯಿತು. ಉಂಡು ಅಡ್ಡಾಗುವ ಆ ಗಳಿಗೆಯಲ್ಲಿ ಹದಿನಾಲ್ಕನೇ ಅಂತಸ್ತಿಗೆ ಯಾರೂ ಬರುವುದಿಲ್ಲ. ಗೋಡೆ ಇನ್ನೂ ಏಳದ ಅಂತಸ್ತು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ಆಚೆ ಕೊಂಡಾಪುರ ಬಡಾವಣೆಯ ಗಾಜಿನ ಕಟ್ಟಡಗಳು ಬಿಸಿಲಲ್ಲಿ ಕರಗಿ ತೇಲಿದಂತೆ ಕಾಣುತ್ತವೆ. ಬೆಳಗಿನಿಂದ ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದವರು ಅದೇ ಸಾಲಿನಲ್ಲೇ, ಹೆಲ್ಮೆಟ್ಟು ತಲೆಯ ಪಕ್ಕಕ್ಕಿಟ್ಟು, ನೆಲಕ್ಕೆ ಬೆನ್ನು ಹಚ್ಚಿದ್ದರು.

"ಆಫೀಸಿಂದ ಫೋನ್ ಬಂದೈತಿ. ಗ್ಯಾಂಗಿಗೆ ಒಬ್ಬರು ಕಮ್ಮಿ ಆಗಬೇಕಂತ, ಇವತ್ತ." ಬೀದರ್ ಕಡೆಯ ಎಂಜಿನಿಯರ್ ಅಮೋಲನ ದನಿ, ನೀರಿನಡಿಯಿಂದ ಬಂದ ಹಾಗೆ. "ಯಾರನ್ನ ತೆಗೀತಿ, ಹಂಪಯ್ಯ?"

"ಎಲ್ಲಾರೂ ದುಡಿಯೋರ ಅದಾರ್ರಿ ಸರ್," ಎಂದ ಮೇಸ್ತ್ರಿ ಹಂಪಯ್ಯ.

"ನೀ ಎದುರಿಗೆ ನಿಂತ್ರ ಯಾಂವ ದುಡಿಯಂಗಿಲ್ಲ?"

"ಹಂಗಾರ ಮಲಗಿದಾಗ ನೋಡ್ರಿ. ಅಲ್ಲಿ ಅಂಚಿನ್ಯಾಗ ಹುಸೇನಪ್ಪ ಅದಾನಲ್ಲ, ನಿದ್ದ್ಯಾಗೂ ಅವನ ಕೈ ಇಟ್ಟಂಗಿ ಹಿಡ್ಯಾಕತ್ತಾವು."

ಅಮೋಲ್ ನಕ್ಕ. "ಅರೆ, ಖರೇನ ಐತಲ್ಲೋ. ಇಂವ ಇರ್ಲಿ. ನಿದ್ದ್ಯಾಗೂ ಕೆಲಸ ಮಾಡೋರು ಇರ್ಲಿ. ಉಳಿದೋರನ್ನ ನೋಡು."

ಕೂಲಿಯವರ ನಿದ್ದೆಗೂ ಹಾಜರಿ ಹಿಡಿಯುವ ಕಾಲ ಬಂತು. ಕೆಲಸ ಹೋದರೆ ಕೆಳಗಿನ ತಗಡಿನ ಗುಡಿಸಲೂ ಹೋಗುತ್ತದೆ. ಮಗಳು ಉಮಾಶ್ರೀ ಈಗಷ್ಟೇ ಇಲ್ಲಿನ ಶಾಲೆಗೆ ಹೊಂದಿಕೊಂಡಿದ್ದಾಳೆ. ಸುಗಲಮ್ಮ ಹೆಚ್ಚು ಯೋಚಿಸಲಿಲ್ಲ. ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ ಎರಡೂ ಕೈ ಎತ್ತಿದಳು.

ಮೊದಲ ಇಟ್ಟಿಗೆ ಬರೀ ನಟನೆ. ಎರಡನೆಯದಕ್ಕೆ ಸ್ವಲ್ಪ ಭಾರವಿತ್ತು. ಮೂರನೆಯದು ಬಿಸಿಲು ಕುಡಿದು ಬೆಚ್ಚಗಿತ್ತು, ಅದರ ಕೆಂಪು ಪುಡಿ ಬೆರಳಿಗೆ ಅಂಟಿತು. ಅಂಚಿನ ಆಚೆ, ಆಕಾಶದಲ್ಲಿ ಯಾವುದೋ ಲಾರಿ ನಿಂತಿದ್ದ ಹಾಗೆ, ಅಲ್ಲಿಂದ ಹುಸೇನಪ್ಪನ ಕೈಗೆ, ಹುಸೇನಪ್ಪನಿಂದ ಅವಳ ಕೈಗೆ ಒಂದರ ಹಿಂದೊಂದು ಬರುತ್ತಲೇ ಇದ್ದವು. ಮೈ ಹಗುರಾಗಿತ್ತು. ತಾನು ಎದ್ದಿದ್ದೇನೋ ಮಲಗಿದ್ದೇನೋ ಅವಳಿಗೇ ತಿಳಿಯದಾಯಿತು.

"ಇಕಿನೂ ಶುರು ಮಾಡಿದ್ಲು ನೋಡೋ. ಏನು ತಾಲೀಮು ಕೊಟ್ಟಿ ಮಾರಾಯಾ ಇವರಿಗೆ?"

"ನಂದೇನೈತ್ರಿ, ಹೊಟ್ಟಿ ಕಲಿಸೇತಿ."

ಸುಗಲಮ್ಮ ರೆಪ್ಪೆಯನ್ನು ನೂಲಿನಷ್ಟು ತೆರೆದಳು. ಸಾಲಿನಲ್ಲಿದ್ದ ಪರಮೇಶನ ಕೈಗಳು ಎದ್ದಿದ್ದವು. ಅವನಾಚೆಯ ಹುಸೇನಮ್ಮನ ಕೈಗಳು ಎದ್ದಿದ್ದವು. ಸಾಲಿನುದ್ದಕ್ಕೂ ಬಿಗಿಯಾಗಿ ಮುಚ್ಚಿದ ಕಣ್ಣುಗಳು, ಗಾಳಿಯಲ್ಲಿ ಇಲ್ಲದ ಇಟ್ಟಿಗೆ ದಾಟಿಸುವ ಕೈಗಳು. ಯಾರೂ ನಿದ್ದೆ ಹೋಗಿರಲಿಲ್ಲ.

ನಿಜವಾಗಿ ನಿದ್ದೆ ಹೋಗಿದ್ದವಳು ಅವಳ ಮಗ್ಗುಲಲ್ಲಿದ್ದ ಗಂಗಾ ಒಬ್ಬಳೇ. ಕಾಚಿಗೂಡ ಸ್ಟೇಷನ್ನಿನಲ್ಲಿ ಗಂಟು ತಬ್ಬಿಕೊಂಡು ದಿಕ್ಕೆಟ್ಟು ನಿಂತಿದ್ದ ಹುಡುಗಿಯನ್ನು 'ನಾ ಅದೀನಿ, ಬಾ' ಎಂದು ಕರೆತಂದು ಈ ಸಾಲಿಗೆ ಸೇರಿಸಿದ್ದು ಸುಗಲಮ್ಮನೇ. ಈಗ ಗಂಗಾಳ ಎರಡೂ ಅಂಗೈ ಆಕಾಶಕ್ಕೆ ಬಿಚ್ಚಿ ಬಿದ್ದಿದ್ದವು. ತುಟಿಯಲ್ಲಿ ನಗೆಯಿತ್ತು. ಇಟ್ಟಿಗೆಯೇ ಇಲ್ಲದ ಯಾವುದೋ ಊರಿಗೆ ಹೋಗಿದ್ದಳು.

"ಇಕಿ ಖರೇನ ಮಲಗ್ಯಾಳ್ರಿ," ಎಂದ ಹಂಪಯ್ಯ, ತಡೆದು.

"ಹಂಗಾದ್ರ ಇಕಿನ."

ಹಂಪಯ್ಯ ಬಗ್ಗಿದ. ತೆಗೆಯಬೇಕಾದವಳೆಂಬ ಗುರುತಿಗೆ ಗಂಗಾಳ ಹೆಲ್ಮೆಟ್ಟಿನ ಮೇಲೆ ಸೀಮೆಸುಣ್ಣ ಕಿರುಗುಟ್ಟಿತು. ಸುಗಲಮ್ಮ ಮೊಣಕೈ ತುಸು ತಾಗಿಸಿದ್ದರೆ ಸಾಕಿತ್ತು, ಹುಡುಗಿ ಎದ್ದು ಕೂತು 'ನಾನೂ ಮಾಡ್ತೀನ್ರಿ' ಅನ್ನುತ್ತಿದ್ದಳು. ಅಷ್ಟರಲ್ಲಿ ಹುಸೇನಪ್ಪನ ಕಡೆಯಿಂದ ಇನ್ನೊಂದು ಇಟ್ಟಿಗೆ ಬಂತು. ಸುಗಲಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದಳು, ಮಗ್ಗುಲಿಗೆ ಹೊರಳಿ, ಗಂಗಾಳ ಎದೆಯ ಮೇಲೆ ಇಟ್ಟಳು.